ಬ್ಯಾಲೆಟ್ ಪೇಪರ್ ಕಾಲದ ಅಣಕು ಎಣಿಕೆ: ಮೂರೇ ಮತದ ಅಂತರ ಬಂದರೆ ಮುಂದೆ ಎಂತ?

ಕಲ್ಸಂಕ ಟೀಚರ್:
ಉಡುಪಿಯಲ್ಲಿ ಹೈಸ್ಕೂಲ್ ಮಕ್ಕಳಿಗೆ ಹಳೇ ಪದ್ಧತಿಯ ಮತ ಎಣಿಕೆ ಮಾಡಿ ತೋರಿಸುವ ಯೋಚನೆ ಉಂಟು. ವಿಧಾನಸಭೆ ಚುನಾವಣೆ, 400 ಮತಪತ್ರ, ನಾಲ್ಕು ಅಭ್ಯರ್ಥಿಗಳು. ಮೊದಲಿನ ಇಬ್ಬರ ನಡುವೆ ಮೂರೇ ಮತದ ಅಂತರ ಬರುವ ಹಾಗೆ ಮುದ್ರೆ ಒತ್ತಿ ಇಡುತ್ತೇವೆ. ಯಾವ ಚೀಟಿ ಅಸಿಂಧು ಎಂದು ಯಾರು, ಹೇಗೆ ತೀರ್ಮಾನಿಸುತ್ತಿದ್ದರು? ಸೋತವರು ಮರುಎಣಿಕೆ ಕೇಳಿದರೆ ಕೊಡಲೇಬೇಕಿತ್ತಾ? ಸಂತೆಮರಹಳ್ಳಿಯ ಒಂದು ಮತದ ಫಲಿತಾಂಶವನ್ನೂ ಉದಾಹರಣೆಗೆ ಇಟ್ಟುಕೊಂಡಿದ್ದೇವೆ.

ಬೋಳಾರದ ಓದುಗ:
ಟೀಚರ್, ಸಂತೆಮರಹಳ್ಳಿ ನಿಮ್ಮ ಉದ್ದೇಶಕ್ಕೆ ಆಗುವುದಿಲ್ಲ. ಅದು 2004ರದ್ದು, ಆಗಲೇ ಇವಿಎಂ. ಆರ್. ಧ್ರುವನಾರಾಯಣ 40,752, ಎ.ಆರ್. ಕೃಷ್ಣಮೂರ್ತಿ 40,751. ಆಮೇಲೆ 2008ರ ಕ್ಷೇತ್ರ ಮರುವಿಂಗಡಣೆಯಲ್ಲಿ ಆ ಕ್ಷೇತ್ರವೇ ಹೋಯಿತು. ಯಂತ್ರದಲ್ಲಿ ಮುದ್ರೆ ಚೆಲ್ಲಿದೆಯಾ, ಗೆರೆ ದಾಟಿದೆಯಾ ಎಂಬ ಜಗಳ ಹುಟ್ಟುವುದೇ ಇಲ್ಲ. ಕಾಗದದ ಕಾಲದಲ್ಲಿ ಗೆಲುವು ಸೋಲು ನಿಂತಿದ್ದದ್ದು ಆ ಜಗಳದ ಮೇಲೆ.

ಇಸವಿಯನ್ನೂ ಗಟ್ಟಿ ಮಾಡಿಕೊಳ್ಳಿ. 1952ರಲ್ಲಿ ನಮ್ಮ ಊರು ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆ, ಕಾಸರಗೋಡೂ ಅದರೊಳಗೆ. ಆಗ ಒಬ್ಬೊಬ್ಬ ಅಭ್ಯರ್ಥಿಗೆ ಒಂದೊಂದು ಪೆಟ್ಟಿಗೆ, ಅದರ ಮೇಲೆ ಚಿಹ್ನೆ. ಮತದಾರ ಮುದ್ರೆ ಒತ್ತುವುದೇ ಇಲ್ಲ, ಚೀಟಿಯನ್ನು ಬೇಕಾದ ಪೆಟ್ಟಿಗೆಗೆ ಹಾಕಿ ಬರುವುದು. 1957ರಲ್ಲೂ ಹಾಗೇ. ಎಲ್ಲ ಹೆಸರು ಒಂದೇ ಕಾಗದದಲ್ಲಿ, ಮುದ್ರೆ ಒತ್ತುವ ಕ್ರಮ ಸಾರ್ವತ್ರಿಕ ಚುನಾವಣೆಗೆ ಬಂದದ್ದು 1962ರಲ್ಲಿ. ಹಾಗಾಗಿ 70ರ, 80ರ ದಶಕ ಆರಿಸಿ. ಮತದಾನದ ವಯಸ್ಸು ಆಗ 21, ಅದು 18 ಆದದ್ದು 1989ರಲ್ಲಿ.

ಕಾಪು ಕಡಲು:
ಮೊದಲು ಮತಪತ್ರ ತಯಾರಿ. ಇಬ್ಬರು ಅಭ್ಯರ್ಥಿಗಳ ಅಂಕಣದ ನಡುವೆ ಛಾಯೆ ಹಾಕಿದ ಪಟ್ಟಿ ಬಿಡಿ. ಹಿಂಬದಿಯಲ್ಲಿ ಮತಗಟ್ಟೆಯ ಗುರುತು ಮುದ್ರೆ, ಅಧ್ಯಕ್ಷಾಧಿಕಾರಿಯ ಸಹಿ, ಕ್ರಮಸಂಖ್ಯೆ. ಮತದಾರ ಒತ್ತುವ ಮೊಹರು ಬಾಣಗಳ ಅಡ್ಡಗುರುತಿನದ್ದು. ಅದು ಅಲಂಕಾರಕ್ಕಲ್ಲ. ಮಡಚಿದಾಗ ಹಸಿ ಶಾಯಿ ಎದುರು ಬದಿಗೆ ಅಂಟುತ್ತದೆ, ಆ ನಕಲಿನಲ್ಲಿ ಬಾಣದ ತಿರುವು ಕನ್ನಡಿಯಲ್ಲಿ ನೋಡಿದ ಹಾಗೆ ಉಲ್ಟಾ. ಯಾವುದು ಅಸಲು ಎಂದು ಅದರಿಂದಲೇ ತಿಳಿಯುವುದು. ದುಂಡಗಿನ ಮೊಹರು ತಂದರೆ ಈ ಪಾಠ ಅಲ್ಲಿಗೇ ಹೋಯಿತು. ಮಡಚುವಾಗಲೂ ಮೊದಲು ಉದ್ದಕ್ಕೆ, ಆಮೇಲೆ ಅಡ್ಡಕ್ಕೆ. ಉದ್ದಕ್ಕೆ ಮಡಚಿದರೆ ಕಲೆ ಅದೇ ಅಭ್ಯರ್ಥಿಯ ಅಂಕಣದಲ್ಲಿ ಬೀಳುತ್ತದೆ, ಅಡ್ಡಕ್ಕೆ ಮೊದಲು ಮಡಚಿದರೆ ಬೇರೆಯವರ ಹೆಸರಿನ ಮೇಲೆ.

400ರಲ್ಲಿ ಒಂದು 12 ಚೀಟಿ ಸಂಶಯದವು ಇರಲಿ:
– ಮುದ್ರೆ ಅರ್ಧ ಒಬ್ಬರ ಅಂಕಣದಲ್ಲಿ, ಅರ್ಧ ಛಾಯೆಯಲ್ಲಿ: ಸಿಂಧು.
– ಪೂರ್ತಿ ಛಾಯೆಯೊಳಗೆ: ಅಸಿಂಧು.
– ಒಬ್ಬರ ಅಂಕಣದಲ್ಲೇ ಎರಡು ಮೂರು ಸಲ ಒತ್ತಿದ್ದು: ಸಿಂಧು, ಇಂಗಿತ ಸ್ಪಷ್ಟ ಉಂಟಲ್ಲ.
– ಇಬ್ಬರಿಗೂ ಒತ್ತಿದ್ದು: ಅಸಿಂಧು.
– ಮೊಹರಿನ ಬದಲು ಹೆಬ್ಬೆಟ್ಟು ಅಥವಾ ಪೆನ್ನಿನ ಗುರುತು: ಅಸಿಂಧು.
– ಮತದಾರ ತನ್ನ ಹೆಸರು ಬರೆದದ್ದು: ಅಸಿಂಧು.
– ಹಿಂಬದಿ ಸಹಿ ಇಲ್ಲದ್ದು: ಅಧಿಕಾರಿಯದೇ ತಪ್ಪಾದರೆ ತಿರಸ್ಕರಿಸುವ ಹಾಗಿಲ್ಲ. ಮಕ್ಕಳು ಎಡವುವುದು ಇಲ್ಲೇ.

ಮೇಜಿನವರು ಸಂಶಯದ ಚೀಟಿಯನ್ನು ಬೇರೆ ಇಡುವುದಷ್ಟೇ, ತೀರ್ಮಾನ ಚುನಾವಣಾಧಿಕಾರಿಯದ್ದು. ತಿರಸ್ಕರಿಸುವ ಮೊದಲು ಅಭ್ಯರ್ಥಿಗಳ ಏಜೆಂಟರಿಗೆ ತೋರಿಸಬೇಕು, ಅವರು ನೋಡಬಹುದು, ಮುಟ್ಟುವ ಹಾಗಿಲ್ಲ. ಚೀಟಿಯ ಮೇಲೆ ‘ತಿರಸ್ಕೃತ’ ಎಂದೂ ಚುಟುಕಾಗಿ ಕಾರಣವನ್ನೂ ಹಾಕಿ ಕಿರುಸಹಿ ಮಾಡಬೇಕು.

ಎಣಿಕೆಗೆ 25ರ ಕಟ್ಟು ಮಾಡಿ. ಒಂದು ಚೀಟಿ ತಪ್ಪು ಟ್ರೇಗೆ ಬಿದ್ದರೆ ಅಂತರ ಎರಡು ಸರಿಯುತ್ತದೆ, ಅಂದರೆ ನಿಮ್ಮ ಮೂರು ಮತದ ಗೆಲುವು ಮಗುಚಲು ಎರಡೇ ಚೀಟಿ ಸಾಕು. ಇಡೀ ಕಟ್ಟು ಪಕ್ಕದ ರಾಶಿಗೆ ಹೋದರೆ 50! ಕಟ್ಟಿನ ಮೇಲಿನ ಚೀಟಿ ಒಬ್ಬರದ್ದು, ಕೆಳಗಿನವು ಇನ್ನೊಬ್ಬರದ್ದು ಆಗಿರುವುದೂ ಉಂಟು. ಮೇಲಿನದ್ದನ್ನು ಮಾತ್ರ ನೋಡಿದರೆ ಸಿಗುವುದಿಲ್ಲ, ಅಂಚಿನಿಂದ ಹರವಿ ನೋಡಬೇಕು.

ಹಂಪನಕಟ್ಟೆ ವಕೀಲ:
ಮರುಎಣಿಕೆ ಹಕ್ಕಲ್ಲ. ಒಟ್ಟು ಮತ ಘೋಷಿಸಿದ ಮೇಲೆ ಚುನಾವಣಾಧಿಕಾರಿ ಸ್ವಲ್ಪ ಹೊತ್ತು ತಡೆಯಬೇಕು. ಅಷ್ಟರಲ್ಲಿ ಅಭ್ಯರ್ಥಿ ಅಥವಾ ಏಜೆಂಟ್ ಕಾರಣ ಸಮೇತ ಬರವಣಿಗೆಯಲ್ಲಿ ಅರ್ಜಿ ಕೊಡಬೇಕು. ಅಧಿಕಾರಿ ಮರುಎಣಿಕೆಯನ್ನು ಪೂರ್ತಿ ಕೊಡಬಹುದು, ಒಂದು ಭಾಗಕ್ಕೆ ಕೊಡಬಹುದು, ಹುರುಳಿಲ್ಲದಿದ್ದರೆ ಕಾರಣ ಬರೆದು ತಳ್ಳಿಹಾಕಬಹುದು. ಅಂತಿಮ ಫಲಿತಾಂಶದ ಹಾಳೆಯಾದ ನಮೂನೆ 20ಕ್ಕೆ ಸಹಿ ಬಿತ್ತೋ, ಆ ಬಾಗಿಲು ಮುಚ್ಚಿತು. ‘ಅಂತರ ಕಡಿಮೆ’ ಎಂದಷ್ಟೇ ಬರೆದ ಅರ್ಜಿ ನಿಲ್ಲುವುದು ಕಷ್ಟ ಮಾರಾಯ್ರೆ. ‘3ನೇ ಮೇಜಿನಲ್ಲಿ ನಮ್ಮ ಇಷ್ಟು ಚೀಟಿ ಇಂಥ ಕಾರಣಕ್ಕೆ ತಪ್ಪಾಗಿ ತಿರಸ್ಕೃತ’ ಎಂದು ಬರೆಯಲು ಮಕ್ಕಳಿಗೆ ಕಲಿಸಿ. ಏಜೆಂಟ್ ಎಣಿಕೆ ನಡೆಯುವಾಗಲೇ ಗುರುತು ಹಾಕಿಕೊಂಡಿರದಿದ್ದರೆ ಆ ಹೊತ್ತಿಗೆ ಬರೆಯಲು ಏನೂ ಇರುವುದಿಲ್ಲ.

ಮುಂದಿನದ್ದು ಚುನಾವಣಾ ತಕರಾರು ಅರ್ಜಿ, 45 ದಿನದೊಳಗೆ ಹೈಕೋರ್ಟಿಗೆ. 1966ರ ತಿದ್ದುಪಡಿಗೆ ಮೊದಲು ನ್ಯಾಯಮಂಡಳಿ ವಿಚಾರಿಸುತ್ತಿತ್ತು. ಅಲ್ಲೂ ಸುಮ್ಮನೆ ಪೆಟ್ಟಿಗೆ ತೆರೆಸುವುದಿಲ್ಲ, ಮತದ ಗುಟ್ಟು ಉಳಿಯಬೇಕಲ್ಲ. ನಿಖರ ಸಂಗತಿ ಹೇಳದೆ ಮತಪತ್ರ ಪರಿಶೀಲನೆ ಇಲ್ಲ ಎಂದು ಸುಪ್ರೀಂ ಕೋರ್ಟ್ 1964ರಲ್ಲಿ ರಾಮ್ ಸೇವಕ್ ಯಾದವ್ ಪ್ರಕರಣದಲ್ಲಿ ಹೇಳಿದೆ.

ಹತ್ತಿರದ ಉದಾಹರಣೆ ಬೇಕಾದರೆ ತಲಪಾಡಿ ದಾಟಿ ಮಂಜೇಶ್ವರ. 2016ರಲ್ಲಿ ಪಿ.ಬಿ. ಅಬ್ದುಲ್ ರಜಾಕ್ 56,870, ಕೆ. ಸುರೇಂದ್ರನ್ 56,781, ಅಂತರ 89. ಕೆ. ಸುಂದರ ಎಂಬ ಅಭ್ಯರ್ಥಿಗೆ ಬಿದ್ದದ್ದು 467, ಹೆಸರಿನ ಹೋಲಿಕೆ ನೋಡಿ. ತಕರಾರು ಕೇರಳ ಹೈಕೋರ್ಟಿನಲ್ಲಿರುವಾಗಲೇ 2018ರಲ್ಲಿ ಶಾಸಕರು ತೀರಿಕೊಂಡರು, 2019ರಲ್ಲಿ ಸುರೇಂದ್ರನ್ ಅರ್ಜಿ ಹಿಂದೆ ಪಡೆದರು, ಅದೇ ವರ್ಷ ಉಪಚುನಾವಣೆ. ಅದೂ ಇವಿಎಂ ಕಾಲದ್ದೇ, ಆದರೆ ತಕರಾರಿನ ದಾರಿ ಬದಲಾಗಿಲ್ಲ.

ಕಲ್ಸಂಕ ಟೀಚರ್:
ಉಪಕಾರ ಆಯಿತು. 12 ಚೀಟಿ ವಿಲೇವಾರಿ ಆದ ಮೇಲೆ ಇಬ್ಬರೂ ಸಮಸಮ ಬಂದರೆ?

ಕಾಪು ಕಡಲು:
ಅಲ್ಲೇ ಚೀಟಿ ಎತ್ತುವುದು. ಯಾರ ಹೆಸರು ಬಂತೋ ಅವರಿಗೆ ಒಂದು ಮತ ಹೆಚ್ಚು ಸಿಕ್ಕಿದೆ ಎಂದು ಲೆಕ್ಕ. ಕೊನೆಯ ಇಬ್ಬರ ಠೇವಣಿಯನ್ನೂ ಮರೆಯಬೇಡಿ, ಆಗ ವಿಧಾನಸಭೆಗೆ 250 ರೂಪಾಯಿ. ಅದು ಉಳಿಯಬೇಕಾದರೆ ಸಿಂಧು ಮತದ ಆರನೇ ಒಂದಕ್ಕಿಂತ ಹೆಚ್ಚು ಬರಬೇಕು. ಸಿಂಧು 390 ಆದರೆ 65 ಸಾಲದು, 66 ಬೇಕು. 388ಕ್ಕೆ ಇಳಿದರೆ 65 ಸಾಕು. ಮೂರನೆಯವನಿಗೆ ಸರಿಯಾಗಿ 65 ಕೊಟ್ಟಿಡಿ, ಅವನ ಏಜೆಂಟೂ ಸಂಶಯದ ಚೀಟಿಯ ಮೇಜು ಬಿಟ್ಟು ಏಳುವುದಿಲ್ಲ.