12 ತಿಂಗಳು ಮುಗಿಯುತ್ತಾ ಬಂತು, ಲೈಸೆನ್ಸ್‌ಗೆ ಏನು ಮಾಡಲಿ?

ಬಟವಾಡಿ ಹುಡುಗಿ: ಎಲ್ಲರಿಗೂ ನಮಸ್ಕಾರ. ಇಂಗ್ಲೆಂಡಿಗೆ ಬಂದು 10 ತಿಂಗಳಾಯಿತು. ತುಮಕೂರಿನಲ್ಲಿ 9 ವರ್ಷ ಕಾರು ಓಡಿಸಿದ್ದೇನೆ, ಬಟವಾಡಿಯಿಂದ ಕ್ಯಾತ್ಸಂದ್ರಕ್ಕೆ ಲಾರಿಗಳ ಮಧ್ಯೆ. ಊರಿನ ಲೈಸೆನ್ಸ್ ಇಲ್ಲಿ 12 ತಿಂಗಳು ಮಾತ್ರವಂತೆ. ಆಮೇಲೆ ಬದಲಾಯಿಸಿ ಕೊಡುತ್ತಾರಾ, ಇಲ್ಲ ಪರೀಕ್ಷೆ ಬರೀಬೇಕಾ? ಮಗಳ ಶಾಲೆ 4 ಮೈಲಿ. ಯಜಮಾನರದು ರಾತ್ರಿ ಪಾಳಿ. ಬಸ್ ತಪ್ಪಿದ ದಿನ ಅವಳು ಬ್ಯಾಗ್ ಕೆಳಗಿಟ್ಟು ನನ್ನ ಮುಖವನ್ನೇ ನೋಡುತ್ತಾಳೆ.

ಶಿಡ್ಲಘಟ್ಟದ ರೇಷ್ಮೆ: ಬದಲಾಯಿಸಿ ಕೊಡಲ್ಲಮ್ಮ. ಕೆಲವು ದೇಶದವರಿಗೆ ಕೊಡುತ್ತಾರೆ, ಭಾರತ ಆ ಪಟ್ಟಿಯಲ್ಲಿಲ್ಲ. ಇವತ್ತೇ ಕಲಿಯೋರಿಗೆ ಕೊಡೋ ಪ್ರಾವಿಷನಲ್ ಲೈಸೆನ್ಸ್‌ಗೆ ಅರ್ಜಿ ಹಾಕಿ, ಆನ್‌ಲೈನಲ್ಲಿ 34 ಪೌಂಡ್. ಆಮೇಲೆ ಥಿಯರಿ, 23 ಪೌಂಡ್. 50 ಪ್ರಶ್ನೆಯಲ್ಲಿ 43 ಸರಿಯಿರಬೇಕು. ಜೊತೆಗೆ ವಿಡಿಯೋ ತೋರಿಸುತ್ತಾರೆ, ಅಪಾಯ ಕಂಡಾಗ ಮೌಸ್ ಒತ್ತಬೇಕು, 75ಕ್ಕೆ 44 ಬೇಕು. ಸುಮ್ನೆ ಟಕಟಕ ಒತ್ತುತ್ತಾ ಕೂತರೆ ಆ ವಿಡಿಯೋಗೆ ಸೊನ್ನೆ. ರೋಡ್ ಟೆಸ್ಟ್ ತಾರೀಕು ಸಿಗೋದು ತುಂಬಾ ತಡ, ಅದಕ್ಕೇ ಅವಸರ ಮಾಡಿ ಅಂದಿದ್ದು.

ಮಾಲೂರು ಅಣ್ಣ: ಒಂದೇ ಮಾತು ತಂಗಿ. ಗೇರ್ ಗಾಡಿಯಲ್ಲೇ ಟೆಸ್ಟ್ ಕೊಡು. ಆಟೋಮ್ಯಾಟಿಕ್‌ನಲ್ಲಿ ಪಾಸಾದರೆ ಆಮೇಲೆ ಗೇರ್ ಗಾಡಿ ಮುಟ್ಟೋ ಹಾಗಿಲ್ಲ. ಕೋಲಾರದ ಮಾರ್ಕೆಟ್ಟಿಗೆ ಟೊಮೆಟೊ ಕ್ರೇಟು ತುಂಬಿಕೊಂಡು ಹೋದ ಕೈ ಇದು. ಕ್ಲಚ್ ಗೊತ್ತಿಲ್ಲದವರನ್ನ ನಾನು ಡ್ರೈವರ್ ಅನ್ನಲ್ಲ.

ತಿಪಟೂರು ಕೊಬ್ಬರಿ: ಅಣ್ಣಾ, ಎಲೆಕ್ಟ್ರಿಕ್ ಕಾರಲ್ಲಿ ಕ್ಲಚ್ ಎಲ್ಲಿದೆ? ನನ್ನ ಮಗ 17ಕ್ಕೇ ಆಟೋಮ್ಯಾಟಿಕ್‌ನಲ್ಲಿ ಮೊದಲ ಸಲವೇ ಪಾಸ್. ಬರೀ 2 ಮೈನರ್, ಅಂದರೆ ಸಣ್ಣ ತಪ್ಪು!

ಮಾಲೂರು ಅಣ್ಣ: ಮಕ್ಕಳನ್ನ ಸುಖದಲ್ಲಿ ಬೆಳೆಸಿದರೆ ಹೀಗೇ.

ತಿಪಟೂರು ಕೊಬ್ಬರಿ: ಇದಕ್ಕೂ ಮಕ್ಕಳಿಗೂ ಏನು ಸಂಬಂಧ?

ಗುಬ್ಬಿ ಗೇಟ್: ಜಗಳ ಆಮೇಲೆ. ಅನುಭವ ಇದೆ ಅಂತ ನಂಬಿ ಕೂರಬೇಡಿ ಅಕ್ಕ. 15 ವರ್ಷ ಓಡಿಸಿದ ನಾನೇ ಫೇಲಾದೆ. ರೌಂಡ್‌ಅಬೌಟ್‌ನಲ್ಲಿ ಬಲಗಡೆಯಿಂದ ಬರೋರಿಗೆ ದಾರಿ ಬಿಡಬೇಕು. ನನಗೆ ಸಂದಿ ಕಂಡಿತು. ನಮ್ಮ ಟೌನ್ ಹಾಲ್ ಸರ್ಕಲ್ ಅಭ್ಯಾಸ, ನುಗ್ಗಿದೆ. ಬಲಗಡೆಯವನು ಬ್ರೇಕ್ ಒತ್ತಿದ. ಪಕ್ಕದಲ್ಲಿ ಕೂತಿದ್ದ ಪರೀಕ್ಷಕರು ಬೈಯಲಿಲ್ಲ, ಟ್ಯಾಬ್ ಮೇಲೆ ಒಂದು ಸಲ ಬೆರಳಿಟ್ಟರು ಅಷ್ಟೇ. ಮೈನರ್ 15ರವರೆಗೆ ನಡೆಯುತ್ತೆ, ಸೀರಿಯಸ್ ತಪ್ಪು ಒಂದೇ ಸಾಕು ಫೇಲಾಗೋಕೆ. ಮತ್ತೆ 62 ಪೌಂಡ್ ಕಟ್ಟಿದೆ.

ಚಿಂತಾಮಣಿ ಅಮ್ಮ: ಮಾಡಿಸ್ಕೊಳ್ಳಮ್ಮ, ಬಿಡಬೇಡ. ನಾನು ಬಂದು 22 ವರ್ಷ, ಲೈಸೆನ್ಸ್ ಮಾಡಿಸಲೇ ಇಲ್ಲ. ನಮ್ಮನೆಯವರು ಇದ್ದಾಗ ಬೇಕು ಅನ್ನಿಸಲಿಲ್ಲ. ಈಗ ಸೊಪ್ಪಿಗೂ ಮಗನ ಭಾನುವಾರ ಕಾಯಬೇಕು. ಹೋದ ವಾರ ಕೊತ್ತಂಬರಿ ಅಂತ ಪಾರ್ಸ್ಲಿ ತಂದ. ಬಿಡಿಸಿ, ತೊಳೆದು, ಒಗ್ಗರಣೆಗೆ ಇಟ್ಟ ಮೇಲೆ ವಾಸನೆ ಗೊತ್ತಾಯ್ತು. ಅವನಿಗೆ ಹೇಳಲಿಲ್ಲ.

ಮಾಲೂರು ಅಣ್ಣ: ಅಮ್ಮ, ನೀವೂ ಗೇರ್ ಗಾಡೀಲೇ ಕಲೀರಿ.

ಬಟವಾಡಿ ಹುಡುಗಿ: ಗೇರ್ ವಿಷಯ ಇರಲಿ ಅಣ್ಣ. 12 ತಿಂಗಳಾದ ಮೇಲೆ, ಟೆಸ್ಟ್ ಆಗೋವರೆಗೆ ಯಜಮಾನರನ್ನ ಪಕ್ಕದಲ್ಲಿ ಕೂರಿಸಿಕೊಂಡು ಓಡಿಸಬಹುದಾ? ಅವರದೂ ಊರಿನ ಲೈಸೆನ್ಸೇ, ನನ್ನ ಜೊತೆಗೇ ಬಂದಿದ್ದು.

ಶಿಡ್ಲಘಟ್ಟದ ರೇಷ್ಮೆ: ಆಗಲ್ಲಮ್ಮ. ಪಕ್ಕದಲ್ಲಿ ಕೂರೋರಿಗೆ 21 ತುಂಬಿರಬೇಕು, ಇಲ್ಲಿ ನಡೆಯೋ ಪೂರ್ತಿ ಲೈಸೆನ್ಸ್ 3 ವರ್ಷದಿಂದ ಇರಬೇಕು. ಗಾಡಿಗೆ ಎಲ್ ಬೋರ್ಡ್ ಬೇಕು, ಕಲಿಯೋರ ಇನ್ಶೂರೆನ್ಸೂ ಬೇಕು.

ಮಾಲೂರು ಅಣ್ಣ: ಆ ಪಕ್ಕದಲ್ಲಿ ಕೂರೋರು ಗೇರ್ ಗಾಡಿ ಪಾಸಾದೋರಾಗಿರಲಿ.