ಸಹಾಯ ಬೇಕು: ವಿಡಿಯೊ ನೋಡಿದ ಮೇಲೆ ಚಂದ್ರನ ಪಾಠ ಇನ್ನೂ ಗೊಂದಲ

ಎಲ್ಲರಿಗೂ ನಮಸ್ಕಾರ. ನಾನು ಐದನೇ ತರಗತಿಗೆ ವಿಜ್ಞಾನ ಕಲಿಸುತ್ತೇನೆ. ಚಂದ್ರ ಯಾಕೆ ದಿನಾ ಬೇರೆ ಥರ ಕಾಣುತ್ತಾನೆ ಅನ್ನೋದಕ್ಕೆ ಒಂದು ಅನಿಮೇಶನ್ ತೋರಿಸಿದೆ. ಮಕ್ಕಳು ಗಲಾಟೆ ಇಲ್ಲದೆ ನೋಡಿದರು, ನನಗೂ ಖುಷಿ. ಮರುದಿನ ಬೋರ್ಡಿನ ಮೇಲೆ ಬಿದಿಗೆ ಚಂದ್ರನ ಚಿತ್ರ ಬರೆದು, "ಉಳಿದ ಭಾಗ ಯಾಕೆ ಕಾಣುತ್ತಿಲ್ಲ?" ಅಂತ ಕೇಳಿದೆ. ಮುಕ್ಕಾಲು ತರಗತಿ "ಭೂಮಿಯ ನೆರಳು" ಅಂದಿತು. ಅದು ಗ್ರಹಣದ ಕತೆ ಅಲ್ವಾ!

ಆಮೇಲೆ ಕಿಟಕಿ ಮುಚ್ಚಿ, ಸೂರ್ಯ ಅಂತ ಒಂದು ಬಲ್ಬ್ ಹಾಕಿ, ಚಂದ್ರ ಅಂತ ಕಡ್ಡಿಗೆ ಚುಚ್ಚಿದ ಥರ್ಮಾಕೋಲ್ ಉಂಡೆ ಹಿಡಿದು ಸುತ್ತಲು ಮಕ್ಕಳಿಗೆ ಹೇಳಿದೆ; ಅವರ ತಲೆಯೇ ಭೂಮಿ. ಹುಣ್ಣಿಮೆಯ ಜಾಗಕ್ಕೆ ಬಂದಾಗ ಅವರದೇ ತಲೆಯ ನೆರಳು ಉಂಡೆ ಮೇಲೆ ಬಿತ್ತು. "ನೋಡಿ ಟೀಚರ್, ನೆರಳೇ!" ಉಂಡೆಯನ್ನು ತಲೆಗಿಂತ ಮೇಲೆ ಹಿಡಿಸಿದೆ, ಚಂದ್ರನ ದಾರಿ ಭೂಮಿಯ ದಾರಿಗೆ ಸುಮಾರು 5 ಡಿಗ್ರಿ ಓರೆ, ಅದಕ್ಕೇ ಹೆಚ್ಚಿನ ಹುಣ್ಣಿಮೆಗಳಲ್ಲಿ ಭೂಮಿಯ ನೆರಳು ಅವನ ಮೇಲೆ ಬೀಳುವುದಿಲ್ಲ ಅಂತಲೂ ಹೇಳಿದೆ. ಕೆಲವರು ಮಾತ್ರ ಒಪ್ಪಿದರು. ದಿನಾ ರಾತ್ರಿ ಚಂದ್ರನ ಚಿತ್ರ ಬರೆಯಿರಿ ಅಂದರೆ, ಮಳೆಗಾಲದಲ್ಲಿ ಚಂದ್ರ ಎಲ್ಲಿ ಸಿಗಬೇಕು?

ನನಗೆ ಅನುಮಾನ ಇರುವುದು ವಿಡಿಯೊ ಮೇಲೆಯೇ. ಅದರಲ್ಲಿ ಭೂಮಿ, ಚಂದ್ರ ಅಕ್ಕಪಕ್ಕ ಇವೆ. ನಿಜದಲ್ಲಿ ಮಧ್ಯೆ ಸುಮಾರು 30 ಭೂಮಿ ಸಾಲಾಗಿ ಇಡಬಹುದು. ಜೊತೆಗೆ ಅದು ಬಾಹ್ಯಾಕಾಶದಿಂದ ನೋಡಿದ ನೋಟ. ಮಗು ನೋಡುವುದು ಅಂಗಳದಲ್ಲಿ ನಿಂತು.

ಈ ಎರಡು ನೋಟಗಳನ್ನು ನೀವು ಹೇಗೆ ಜೋಡಿಸುತ್ತೀರಿ? ವಿಡಿಯೊ ಉಂಡೆ ಆಟಕ್ಕೆ ಮೊದಲು ತೋರಿಸಬೇಕಾ, ಆಮೇಲಾ? ತರಗತಿಯಲ್ಲಿ ಮಾಡಿ ನೋಡಿದವರು ದಯವಿಟ್ಟು ಹೇಳಿ.