ಎಡಗೈಯವರು ಕೆಲಸದಲ್ಲಿ ಹೆಚ್ಚು ಸೃಜನಶೀಲರೆಂಬುದಕ್ಕೆ ಆಧಾರವಿದೆಯೇ?

ನೀಲಿಶಾಯಿ (ಪ್ರಶ್ನೆ):
ನಮ್ಮ ವಿನ್ಯಾಸ ಕಚೇರಿಯಲ್ಲಿ ಹೊಸ ತಂಡ ಕಟ್ಟುವಾಗ, “ಎಡಚರ ತಲೆ ಬೇರೆ ರೀತಿಯಲ್ಲಿ ಓಡುತ್ತದೆ” ಎಂದು ಹೇಳಿ, ಎಡಗೈಯಲ್ಲಿ ಬರೆಯುವ ಕಿರಿಯ ಸಹೋದ್ಯೋಗಿಯೊಬ್ಬರಿಗೆ ಹೊಸ ಕಲ್ಪನೆಗಳನ್ನು ರೂಪಿಸುವ ಹೊಣೆಯನ್ನು ಮುಖ್ಯಸ್ಥರು ಒಪ್ಪಿಸಿದರು. ಆದರೆ ಅವರ ನಿಜವಾದ ಬಲ ಇರುವುದು ಅಳತೆಯ ನಿಖರತೆಯಲ್ಲಿ, ಅವರಿಗೆ ಬೇಕಾದ ಕೆಲಸವೂ ಅದೇ. ಎಡಗೈಗೂ ಸೃಜನಶೀಲತೆಗೂ, ಸಮಸ್ಯೆ ಬಿಡಿಸುವ ಶಕ್ತಿಗೂ ನಂಟಿದೆಯೆಂಬ ಮಾತು ಎಷ್ಟು ನಿಜ? ತಿಳಿದವರು ದಯವಿಟ್ಟು ವಿವರಿಸಬೇಕು.

ಬಯಲುಸೀಮೆ:
ಆ ನಂಬಿಕೆಗೆ ಆಧಾರ ತೀರಾ ತೆಳುವಾದುದು. ಮಿದುಳಿನ ಎರಡು ಅರ್ಧಗೋಳಗಳನ್ನು ಜೋಡಿಸುವ ನರತಂತುಗಳನ್ನು ಶಸ್ತ್ರಚಿಕಿತ್ಸೆಯಲ್ಲಿ ಕತ್ತರಿಸಿದ್ದ ರೋಗಿಗಳ ಅಧ್ಯಯನಕ್ಕಾಗಿ ರೋಜರ್ ಸ್ಪೆರಿ ಅವರಿಗೆ 1981ರಲ್ಲಿ ನೊಬೆಲ್ ದೊರೆಯಿತು. ಅದರ ಸುತ್ತ ಬೆಳೆದ ಜನಪ್ರಿಯ ಬರವಣಿಗೆ ಬಲಭಾಗವನ್ನು ಕಲೆಗೂ ಎಡಭಾಗವನ್ನು ತರ್ಕಕ್ಕೂ ಹಂಚಿಬಿಟ್ಟಿತು. ಎಡಗೈಯನ್ನು ನಡೆಸುವುದು ಬಲ ಅರ್ಧಗೋಳವಾದ್ದರಿಂದ, ಎಡಗೈಯವರೆಲ್ಲರೂ ಕಲಾವಂತರೆಂಬ ತೀರ್ಮಾನ ಅದರ ಬೆನ್ನಿಗೇ ಬಂತು. ಆದರೆ ಎಡಗೈಯವರಲ್ಲಿಯೂ ಬಹುಪಾಲು ಜನರಿಗೆ ಭಾಷೆಯ ಕೇಂದ್ರ ಎಡಭಾಗದಲ್ಲಿಯೇ ಇರುತ್ತದೆ. ಹೊಸದನ್ನು ಕಲ್ಪಿಸುವ ಕೆಲಸಕ್ಕೆ ಎರಡೂ ಭಾಗಗಳು ಬೇಕು.

ಕಾರ್ನೆಲ್ ವಿಶ್ವವಿದ್ಯಾಲಯದ ಡೇನಿಯಲ್ ಕಸಸಾಂಟೊ ಅವರ ತಂಡ ಒಂದು ಶತಮಾನಕ್ಕೂ ಮೀರಿದ ಸಂಶೋಧನೆಗಳನ್ನು ಒಟ್ಟುಗೂಡಿಸಿ 2025ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯನ್ನು ನಿಮ್ಮ ಮುಖ್ಯಸ್ಥರು ಅವಶ್ಯ ಓದಬೇಕು. ಒಂದೇ ಪ್ರಶ್ನೆಗೆ ಹಲವು ಉತ್ತರ ಹುಡುಕುವ ಪರೀಕ್ಷೆಗಳಲ್ಲಿ ಎಡಗೈಯವರಿಗೆ ಯಾವ ಮೇಲುಗೈಯೂ ಕಾಣಲಿಲ್ಲ. ಚಿತ್ರಕಲೆ ಮತ್ತು ಸಂಗೀತದಲ್ಲಿ ಅವರ ಪಾಲು ಹೆಚ್ಚಿರುವುದು ನಿಜ. ಸೃಜನಶೀಲತೆ ಬೇಡುವ ಇತರ ವೃತ್ತಿಗಳನ್ನೂ ಸೇರಿಸಿ ನೋಡಿದರೆ ಅದು ಕಡಿಮೆಯೇ ಆಗುತ್ತದೆ.

ಎಡಗೈ_ಬರಹ:
ನಾನೂ ಎಡಗೈಯವನೇ. ಕನ್ನಡವನ್ನು ಎಡದಿಂದ ಬಲಕ್ಕೆ ಬರೆಯುವಾಗ ಅಂಗೈಯ ಅಂಚು ಹಸಿ ಶಾಯಿಯ ಮೇಲೆಯೇ ಹಾದುಹೋಗುತ್ತದೆ. ಬಲಗೈಗೆಂದು ಮಾಡಿದ ಕತ್ತರಿಯಲ್ಲಿ, ಅಲಗು ಅಡ್ಡ ಬಂದು ಗುರುತಿನ ಗೆರೆಯೇ ಕಾಣುವುದಿಲ್ಲ. ಇಂಥವಕ್ಕೆ ದಿನವೂ ಉಪಾಯ ಹುಡುಕುತ್ತೇವೆ. ಅದು ಅಭ್ಯಾಸಬಲವೇ ಹೊರತು ಹುಟ್ಟಿನ ವರವಲ್ಲ. ಹೊಗಳಿಕೆಯೆಂದು ಆಡುವ ಈ ಮಾತು ನಮ್ಮ ನಿಜವಾದ ತೊಡಕುಗಳನ್ನು ಮರೆಮಾಡುತ್ತದೆ ಎಂಬುದೇ ನನ್ನ ಕಳವಳ. ಅಮೆರಿಕ ಮತ್ತು ಬ್ರಿಟನ್ನಿನ ದತ್ತಾಂಶಗಳನ್ನು ಆಧರಿಸಿ ಅರ್ಥಶಾಸ್ತ್ರಜ್ಞ ಜೋಶುವಾ ಗುಡ್‌ಮನ್ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಎಡಗೈಯವರ ವಾರ್ಷಿಕ ಗಳಿಕೆ ಶೇಕಡಾ 10ರಿಂದ 12ರಷ್ಟು ಕಡಿಮೆಯಿತ್ತು.

ಪೆವಿಲಿಯನ್:
ಎಡಗೈಯಿಂದ ಖಚಿತವಾದ ಲಾಭ ಕಾಣುವುದು ಕ್ರಿಕೆಟ್, ಟೇಬಲ್ ಟೆನಿಸ್‌ನಂತಹ ಆಟಗಳಲ್ಲಿ. ಜನರಲ್ಲಿ ಸುಮಾರು ಹತ್ತರಲ್ಲಿ ಒಬ್ಬರು ಮಾತ್ರ ಎಡಗೈಯವರಾದ್ದರಿಂದ, ಅವರನ್ನು ಎದುರಿಸುವ ಅಭ್ಯಾಸ ಎದುರಾಳಿಗೆ ಕಡಿಮೆ. ಕಚೇರಿಯಲ್ಲಿ ಅಂತಹ ಎದುರಾಳಿ ಇಲ್ಲ.

ನೀಲಿಶಾಯಿ:
ಎಲ್ಲರಿಗೂ ಧನ್ಯವಾದಗಳು. ಸಹೋದ್ಯೋಗಿಯ ಒಪ್ಪಿಗೆ ಪಡೆದು, ಅವರನ್ನು ಅಳತೆ ಪರಿಶೀಲನೆಯ ಕೆಲಸಕ್ಕೆ ಬದಲಿಸುವಂತೆ ಮುಖ್ಯಸ್ಥರಲ್ಲಿ ವಿನಂತಿಸುತ್ತೇನೆ. ಎಡಗೈ ಕತ್ತರಿಯನ್ನು ತರಿಸುವುದಕ್ಕೂ, ಬರೆಯುವಾಗ ಕೈಯ ನೆರಳು ಗೆರೆಯ ಮೇಲೆ ಬೀಳದಂತೆ ಅವರ ಮೇಜಿನ ದೀಪವನ್ನು ಬಲಬದಿಗೆ ಸರಿಸುವುದಕ್ಕೂ ಅದೇ ಪತ್ರದಲ್ಲಿ ಕೇಳಿಕೊಳ್ಳುತ್ತೇನೆ.